ಎರಿಯೋ ಮುದಕಮ್ಮ ಮಸ್ಕತ್ತಿಗೆ ಹೊಂಟದ್ದು

ನನ್ನ ತಲಿ ಸೊಟ್ಟ ಐತಿ. ಇದನ್ನ ನಾ ಹೇಳೋದಲ್ರಿ, ಬೇವೂರ ಮುದಕಮ್ಮ ಹೇಳ್ತಾಳ. ಯಲಬುರ್ಗಾದಾಗ ತಹಶೀಲ್ದಾರ ಕಚೇರಿ ಎದುರಿಗೆ ನಂದೊಂದು ಝೆರಾಕ್ಸ್ ಅಂಗಡಿ ಐತಿ, ಆನ್‌ಲೈನ್ ಅರ್ಜಿನೂ ತುಂಬಿ ಕೊಡ್ತೀನಿ. ಗೋವಿಂದರಾಜ ಅಂದ್ರ ಸುತ್ತ ಹತ್ತು ಹಳ್ಳಿ ಮಂದಿ ಗುರುತು ಹಿಡಿತಾರ. ಆದ್ರ ಮುದಕಮ್ಮ ಮೆಟ್ಟಲ ಹತ್ತಿದ ಕೂಡ್ಲೆ, "ಏ ಸೊಟ್ಟತಲಿ, ಕುರ್ಚಿ ಹಾಕು" ಅಂತಾಳ. ಮಗ್ಗಲದಾಗ ಗಿರಾಕಿ ನಿಂತಿರ್ತಾರ, ಮುಸಿಮುಸಿ ನಗ್ತಾರ. ಏನ್ ಮಾಡ್ತೀರಿ, ಹಲ್ಲು ಕಡಕೋತ ಕುರ್ಚಿ ಹಾಕ್ತೀನಿ.

ಆಕಿಗೆ ಅಷ್ಟು ಮಾತಾಡೋ ಹಕ್ಕು ಐತಿ. ಬೇವೂರಾಗ ಕೂಸು ಹುಟ್ಟಿದ್ರ ಎರಿಯಾಕ, ಅಂದ್ರ ಎಣ್ಣಿ ಹಚ್ಚಿ ನೀರು ಹಾಕಾಕ, ಮುದಕಮ್ಮನ್ನ ಕರೀತಾರ. ಮುಂಜಾನಿ ಬಾಣಂತಿ ಮನಿಗೆ ಹೋಗಿ ಬಚ್ಚಲದಾಗ ಮಣಿ ಹಾಕ್ಕೊಂಡು ಕುಂತು, ಎರಡೂ ಕಾಲು ಮುಂದಕ್ಕ ಚಾಚಿ, ಕಾಲಿನ ನಡುವಿನ ತೆಗ್ಗಿನ್ಯಾಗ ಕೂಸನ್ನ ಹಾಕ್ಕೋತಾಳ. ಕೈ ಕಾಲು ನೀವಿ, ಮೂಗು ತಿದ್ದಿ, ತಲಿ ದುಂಡಗ ಒತ್ತಿ, ಚರಿಗಿಯಿಂದ ಬಿಸಿನೀರು ಎರಿತಾಳ. ಪ್ರತಿ ಚರಿಗಿಗೂ ಮುಂಚೆ, "ಕಣ್ ಮುಚ್ಚವ್ವಾ, ನೀರ ಬಂತು" ಅಂತ ಹೇಳಿನ ಹಾಕ್ತಾಳ. ಹೇಳದ ಹಾಕಿದ್ರ ಕೂಸು ಬೆಚ್ಚತೈತಿ ಅಂತ. ಆಮ್ಯಾಲ ಲೋಬಾನದ ಹೊಗಿ ಹಿಡದು, ಗಲ್ಲಕ್ಕ ಕಾಡಿಗಿ ಬೊಟ್ಟಿಟ್ಟು ತಾಯಿ ಮಗ್ಗಲಕ್ಕ ಹಾಕಿದ್ರ ಆತು, ಕೂಸು ಮಧ್ಯಾಹ್ನದ ತನಕ ಕಣ್ಣು ತೆರಿಯಂಗಿಲ್ಲ.

ಇದಕ್ಕ ಆಕಿ ರೊಕ್ಕ ಮುಟ್ಟಂಗಿಲ್ಲ. ಕಡೀ ದಿನ ಒಂದು ಸೀರಿ, ಕುಬಸದ ಕಣ, ಟೆಂಗು, ಐದು ಸೇರು ಜ್ವಾಳ ಉಡಿ ತುಂಬಬೇಕು. ಬಿಟ್ಟಿ ಎರಿಯಂಗಿಲ್ಲ, ಎರೀದ ಉಡಿ ಒಯ್ಯಂಗಿಲ್ಲ, ಇದು ಆಕಿ ಕಾಯ್ದೆ. ನಲವತ್ತು ವರ್ಷದಾಗ ಮುನ್ನೂರಕ್ಕ ಮಿಗಿಲು ಕೂಸು ಎರದಾಳಂತ. ದಾರಿಯಾಗ ದೊಡ್ಡ ದೊಡ್ಡ ಮೀಸಿ ಗಂಡಸರನ್ನ ನಿಂದ್ರಿಸಿ, "ಈ ತಲಿ ನಂದು" ಅಂತ ಸವರಿ ನೋಡ್ತಾಳ. ನನ್ನ ಹಡದವ್ವ ಮಾತ್ರ ತನಗ ಎರಿಯಾಕ ಬರ್ತೈತಿ ಅಂತ ಹಟ ಹಿಡದಿದ್ಲು. ಫಲ ನೀವು ನೋಡಾಕತ್ತೀರಿ.

ಇಂಥಾ ಮುದಕಮ್ಮ ಒಂದಿನ ಮುಂಜಾನಿ ಒಂಬತ್ತರ ಬಸ್ಸಿಗೆ ಬಂದು, "ಸೊಟ್ಟತಲಿ, ನಾ ದುಬೈಗೆ ಹೋಗಬೇಕು, ಕಾಗದ ಮಾಡು" ಅಂದ್ಲು.

ನಮ್ಮ ಕಡಿ ಸಮುದ್ರದ ಆಚೆ ಇರೋದೆಲ್ಲಾ ದುಬೈನ ಅನ್ರಿ. ಕತಾರಿಗೆ ಹೋದಾಂವ, ಕುವೈತಿಗೆ ಹೋದಾಂವ, ಎಲ್ಲಾರೂ ದುಬೈಗೆ ಹೋಗ್ಯಾರ. ಆ ದೇಶದವರು ತಮ್ಮ ತಮ್ಮೊಳಗ ಒಂದಾಗಾಕ ಎಷ್ಟು ವರ್ಷದಿಂದ ಸಭಿ ಕೂಡ್ತಾರೋ ನಂಗ ಗೊತ್ತಿಲ್ಲ, ಬೇವೂರ ಮಂದಿ ಅವ್ರನ್ನ ಎಂದೋ ಕೂಡಿಸಿ ಮುಗಿಸ್ಯಾರ. ವಿಚಾರಿಸಿದ್ರ ಆಕಿ ಹೋಗಬೇಕಾದದ್ದು ಮಸ್ಕತ್ತಿಗೆ. ಆಕಿ ಮನಿ ಮಗ್ಗಲದ ತಾಜಬೀ ಮಗಳು ಗುಲ್ಶನ ಅಲ್ಲಿ ಅದಾಳ. ಗಂಡ ಮುನವ್ವರ ಗಂಗಾವತಿ ಹುಡುಗ, ಎಸಿ ರಿಪೇರಿ ಕೆಲಸ. ಗುಲ್ಶನಗ ಐದು ತಿಂಗಳು ನಡದಿತ್ತು.

"ಇಲ್ಲಿಗೇ ಬರ್ಲಿ ಬಾಣಂತನಕ್ಕ, ನೀ ಯಾಕ ಹೋಗ್ತಿ?" ಅಂದೆ.

ಮುದಕಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೋತ ಕುಂತ್ಲು. ಹೋದ ವರ್ಷ ಬಂದಿದ್ಲಂತ ಗುಲ್ಶನ, ಮೊದಲ ಸಲ. ಕೂಸು ಉಸುರಿಲ್ಲದ ಹುಟ್ಟಿತು. ಅವತ್ತು ಮುದಕಮ್ಮ ಬೆಳಿಗ್ಗೆ ಎದ್ದು ತಾಜಬೀ ಬಚ್ಚಲದಾಗ ಹಂಡೆ ತುಂಬ ನೀರು ಕಾಸಿ ಕಾಯ್ಕೋತ ಕುಂತಿದ್ಲು. ನೀರು ಹಂಗ ಆರಿ ಹೋತು. ಈ ಸಲ ಡಾಕ್ಟರು ಪ್ರಯಾಣ ಬ್ಯಾಡ ಅಂದಾರ. ತಾಜಬೀ ಸೊಂಟ ಮುರಕೊಂಡು ಹಾಸಿಗಿ ಹಿಡದಾಳ, ಮುನವ್ವರಗ ತಾಯಿ ಇಲ್ಲ. ಗುಲ್ಶನ ಫೋನಿನ್ಯಾಗ ಅಳಾಕತ್ತಾಳಂತ: "ಮುದಕಕ್ಕಾ, ನನ್ನ ಎರದ ಕೈಲೆ ನನ್ನ ಕೂಸಿಗೂ ಎರಿ. ನಂಗ ಅಂಜಿಕಿ ಬರ್ತೈತಿ, ನಾ ಮುಟ್ಟಿದ್ರ ಏನರ ಆಗ್ತೈತಿ ಅಂತ."

"ಮಾತು ಕೊಟ್ಟೀನಿ" ಅಂದ್ಲು ಮುದಕಮ್ಮ. "ಆ ಹುಡುಗಿ ಕೂಸಿಗೆ ಈ ಕೈ ಮುಟ್ಟಬೇಕು."

ಪಾಸ್‌ಪೋರ್ಟ್ ಅರ್ಜಿ ಹಾಕಿದೆ. ಹುಟ್ಟಿದ ದಿನ ಆಧಾರ ಕಾರ್ಡಿನ ಪ್ರಕಾರ ಜನವರಿ ಒಂದು. ಬೇವೂರಾಗ ಅರ್ಧ ಊರು ಜನವರಿ ಒಂದಕ್ಕ ಹುಟ್ಟೈತಿ, ಹೆರಿಗಿ ಮಾಡ್ಸಿದವರು ಅವತ್ತು ಹೆಂಗ ತಡಕೊಂಡ್ರೋ ದೇವರಿಗೇ ಗೊತ್ತು. ಆಕಿ ಗಂಡ ವಿರುಪಣ್ಣ, "ನೀ ಹೋದ್ರ ರೊಟ್ಟಿ ಯಾರು ಬಡಿತಾರ?" ಅಂತ ತಕರಾರು ತಗದ. "ಆಡಿಗೆ ಹಾಕೋ ಸೊಪ್ಪು ನೀನೂ ತಿನ್ನು" ಅಂತ ಹೇಳಿ ಆಕಿ ಸಹಿ ಜಾಗದಾಗ ಹೆಬ್ಬೆಟ್ಟು ಒತ್ತಿದ್ಲು.

ಪಾಸ್‌ಪೋರ್ಟ್ ಬಂತು. ಮುಂದ ವೀಸಾ. ಮುನವ್ವರ ಹಿಡದ ಏಜೆಂಟ ಫೋನ್ ಮಾಡಿ ಬರೋ ಉದ್ದೇಶದ ಕಡಿ 'ಪ್ರವಾಸ' ಅಂತ ಬರೀರಿ ಅಂತ ನಂಗ ಹೇಳಿದ. ನಾ ಬರಿಯಾಕ ಹೋದೆ, ಮುದಕಮ್ಮ ಕೈ ಹಿಡದ್ಲು.

"ಏನ್ ಬರಿತಿ?"

"ತಿರುಗಾಡಾಕ ಹೊಂಟೀ ಅಂತ."

"ನಾ ಯಾಕ ತಿರುಗಾಡ್ಲಿ? ಎರಿಯಾಕ ಹೊಂಟೀನಿ. ಸುಳ್ಳು ಬರಸಿದ ಕೈಲೆ ಕೂಸು ಮುಟ್ಟಬಾರದು. ಇದ್ದದ್ದು ಬರಿ."

ಇದ್ದದ್ದು ಬರದೆ. ಇಲ್ಲಿ ನಂದೂ ತಪ್ಪೈತಿ, ಒಪ್ಕೋತೀನಿ. ಉದ್ದೇಶ: ಕೂಸಿಗೆ ಎರಿಯುವುದು. ಅವಧಿ: ನಲವತ್ತು ದಿನ. ಪ್ರತಿಫಲ: ಸೀರಿ ಒಂದು, ಕುಬಸದ ಕಣ ಒಂದು, ಟೆಂಗು ಒಂದು, ಜ್ವಾಳ ಐದು ಸೇರು. ಅದನ್ನ ಇಂಗ್ಲಿಷಿಗೆ ಹಾಕಾಕ ನಂಗ ಎರಡು ತಾಸು ಹಿಡೀತು.

ಹದಿನೈದು ದಿನಕ್ಕ ಉತ್ತರ ಬಂತು. ಜ್ವಾಳ ತೊಗೊಂಡು ಮಾಡೋದು ಕೆಲಸ. ಕೆಲಸಕ್ಕ ಬರೋರಿಗೆ ಪ್ರವಾಸದ ವೀಸಾ ಇಲ್ಲ. ಕೆಲಸದ ವೀಸಾ ಬೇಕಂದ್ರ ವಯಸ್ಸು ಮೀರೈತಿ. ವಿಶೇಷ ಕೌಶಲ ಇದ್ರ ಪ್ರಮಾಣಪತ್ರ ತೋರಿಸಿ ವಿನಂತಿ ಮಾಡಬಹುದು. "ಉಡಿ ಬ್ಯಾಡ ಅಂತ ಬರದು ಮತ್ತ ಹಾಕೋಣು" ಅಂದೆ. ಮುದಕಮ್ಮ ನನ್ನ ತಲಿ ನೋಡಿದ್ಲು. "ಮೊದಲ ಸೊಟ್ಟ, ಒಳಗೂ ಹಂಗ ಐತಿ" ಅಂದ್ಲು.

ಇಷ್ಟರಾಗ ಕೊಪ್ಪಳದಿಂದ ಒಂದು ಸುತ್ತೋಲಿ ಬಂತು. 'ಅಂತಾರಾಷ್ಟ್ರೀಯ ಸೇವಾ ವ್ಯಾಪಾರದ ಪ್ರಾದೇಶಿಕ ಏಕೀಕರಣ: ಜಿಲ್ಲಾ ಮಟ್ಟದ ಕಾರ್ಯಾಗಾರ.' ಸೇವಾ ಕೇಂದ್ರ ನಡಸೋರು ಕಡ್ಡಾಯ ಬರಬೇಕು, ಜತಿಗೊಬ್ಬರು ಫಲಾನುಭವಿನ್ನ ಕರ್ಕೊಂಡು ಬರಬೇಕು. ಯಾವುದರ ಫಲ ಅಂತ ಬರದಿರಲಿಲ್ಲ. ನಾ ಮುದಕಮ್ಮನ್ನ ಕರ್ಕೊಂಡು ಹೋದೆ.

ಸಭಾಭವನದಾಗ ಕಟ್ಟಿದ್ದ ಬ್ಯಾನರಿನ ಹೆಸರು ಎಷ್ಟು ಉದ್ದ ಇತ್ತಂದ್ರ ಗ್ವಾಡಿ ಸಾಲಲಿಲ್ಲ, 'ಕಾರ್ಯಾಗಾರ' ಅನ್ನೋದು ಕಂಬ ಸುತ್ತಿ ಹಿಂದಕ್ಕ ಹೋಗಿತ್ತು. ಬೆಂಗಳೂರಿನಿಂದ ಒಬ್ಬ ಸಾಹೇಬ್ರು ಬಂದಿದ್ರು. ಛಲೋ ಮನುಷ್ಯಾ ಪಾಪ, ನಕ್ಕೋತ ಮಾತಾಡಿದ್ರು.

"ಸೇವೆ ಗಡಿ ದಾಟಲು ನಾಲ್ಕು ದಾರಿಗಳಿವೆ. ಒಂದು, ಸೇವೆ ತಂತಿಯ ಮೂಲಕ ಹೋಗುವುದು. ಎರಡು, ಗಿರಾಕಿಯೇ ಸೇವೆ ಹುಡುಕಿಕೊಂಡು ಬರುವುದು. ಮೂರು, ನಾವು ಅಲ್ಲಿ ಹೋಗಿ ಅಂಗಡಿ ತೆರೆಯುವುದು. ನಾಲ್ಕು, ಸೇವೆ ಮಾಡುವ ವ್ಯಕ್ತಿಯೇ ಹೋಗುವುದು. ದೇಶ ದೇಶಗಳು ಒಪ್ಪಂದ ಮಾಡಿಕೊಂಡು ಈ ದಾರಿಗಳನ್ನು ತೆರೆಯುತ್ತಿವೆ. ಒಬ್ಬರ ಕೌಶಲವನ್ನು ಮತ್ತೊಬ್ಬರು ಮಾನ್ಯ ಮಾಡಿದರೆ ಗಡಿಗಳೇ ಇರುವುದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ."

ಪ್ರಶ್ನಿ ಯಾರು ಕೇಳ್ತಾರ್ರಿ? ಊಟದ ವಾಸನಿ ಬರಾಕತ್ತಿತ್ತು. ಮುದಕಮ್ಮ ಎದ್ದು ನಿಂತ್ಲು. "ನಾಕನೇ ದಾರಿಯವಳು ನಾ ಯಪ್ಪಾ. ಯಾವಾಗ ಬಿಡ್ತೀರಿ?"

ಸಾಹೇಬ್ರಿಗೆ ಭಾಳ ಖುಷಿ ಆತು. ವೇದಿಕಿಗೆ ಕರದ್ರು, ಕೆಲಸ ಏನು ಕೇಳಿದ್ರು. ಆಮ್ಯಾಲ ಒಂದು ದಪ್ಪ ಪಟ್ಟಿ ತಗದು ಹುಡುಕಿದ್ರು. ಆರೋಗ್ಯ ಸೇವೆ ಅನ್ಬೇಕಂದ್ರ ಪದವಿ ಇಲ್ಲ. ಸೌಂದರ್ಯ ಸೇವೆ ಅನ್ಬೇಕಂದ್ರ ಗಿರಾಕಿಗೆ ಹದಿನೆಂಟು ತುಂಬಿರಬೇಕು. ಮನಿಗೆಲಸ ಅನ್ಬೇಕಂದ್ರ ಅದು ಒಪ್ಪಂದದಾಗ ಸೇರಿಲ್ಲ. ಕಡೀಕ ನೀರು ಸರಬರಾಜು ಅನ್ನೋ ಪುಟದಾಗೂ ನೋಡಿದ್ರು. ಅಷ್ಟೊತ್ತು ಮುದಕಮ್ಮ ಅವ್ರ ಹಿಂದ ನಿಂತು ಅವ್ರ ತಲಿ ನೋಡಾಕತ್ತಿದ್ಲು.

"ನಿಂಗ ಯಾರು ಎರದಾರಪಾ?" ಅಂತ ಮೈಕಿನ್ಯಾಗ ಕೇಳಿದ್ಲು. "ಹಿಂದ ಚಪ್ಪಟಿ ಐತಿ. ಒಂದ ಮಗ್ಗಲಕ್ಕ ಮಲಗಿಸ್ಯಾರ."

ಸಭಾಭವನ ಗೊಳ್ ಅಂತು. ಸಾಹೇಬ್ರು ತಲಿ ಮುಟ್ಟಿ ನೋಡ್ಕೊಂಡು, ಕೆಂಪಗಾಗಿ, "ಶಿಶು ಆರೈಕೆ ಸಹಾಯಕಿ ಎಂಬ ಹದಿನೈದು ದಿನದ ತರಬೇತಿ ಇದೆಯಮ್ಮ. ಅದರ ಪ್ರಮಾಣಪತ್ರ ತನ್ನಿ, ನಾನೇ ಪತ್ರ ಬರೆಯುತ್ತೇನೆ" ಅಂದ್ರು. ಮಾತು ಖರೇನ ಇತ್ತು.

ತರಬೇತಿ ಎಲ್ಲಿ? ಯಲಬುರ್ಗಾದಾಗ ಕೇಂದ್ರ ಇಲ್ಲ, ಯಲಬುರ್ಗಾದವರು ಕುಷ್ಟಗಿಗೆ ಹೋಗಬೇಕು. ಕುಷ್ಟಗಿಗೆ ಹೋದ್ವಿ. ಅಲ್ಲಿ ಕಲಸೋರ ಇಲ್ಲ, ಕೊಪ್ಪಳಕ್ಕ ಹೋಗ್ರಿ ಅಂದ್ರು. ಕೊಪ್ಪಳದಾಗ ಕಲಸೋರು ಅದಾರ, ಗೊಂಬಿ ಇಲ್ಲ. ಕೂಸಿನ ಗೊಂಬಿ ಜಿಲ್ಲೆಗೆಲ್ಲಾ ಒಂದ, ಅದು ಗಂಗಾವತಿಯಾಗ ಐತಿ. ಗಂಗಾವತಿಯಾಗ ಗೊಂಬಿ ಐತಿ, ಕಲಸೋರು ಅದಾರ, ಆದ್ರ ಇದು ಗಂಗಾವತಿ ತಾಲೂಕಿನವರಿಗೆ ಅಂದ್ರು. ನಂಗ ತಲಿ ಕೆಟ್ಟು ಹೋತು. "ಏನ್ರೀ, ದೇಶ ದೇಶ ಕೂಡಸಾಕ ಬ್ಯಾನರ್ ಕಟ್ಟೀರಿ, ಯಲಬುರ್ಗಾ ಗಂಗಾವತಿ ಇನ್ನಾ ಕೂಡಿಲ್ಲೇನು?" ಅಂತ ಒದರಿದೆ. ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅನ್ನೋದು ಇದಕ್ಕ ನೋಡ್ರಿ. ಸಾಹೇಬ್ರಿಗೆ ಫೋನ್ ಮಾಡಿಸಿ ಹೆಂಗರ ಹೆಸರು ಬರಸಿದೆ. ಮುನವ್ವರನ ಅಕ್ಕನ ಮನ್ಯಾಗ ಮುದಕಮ್ಮನ ವಸ್ತಿ.

ಕಲಸೋ ಹುಡುಗಿ ಹೇಮಾ, ಸಿದ್ದಾಪುರದಾಕಿ, ಇಪ್ಪತ್ಮೂರು ವರ್ಷ. ಇನ್ನಾ ಮದುವಿ ಆಗಿಲ್ಲ, ಕೂಸು ಎತ್ತಿಕೊಂಡಾಕಿ ಅಲ್ಲ, ಪುಸ್ತಕ ನೋಡಿ ಕಲಸ್ತಾಳ. ಕೆಟ್ಟ ಹುಡುಗಿ ಅಲ್ರಿ. ಎರಡು ದಿನದಾಗ ಆಕಿಗೆ ತಿಳೀತು ಯಾರು ಯಾರಿಗೆ ಕಲಸಬೇಕು ಅಂತ. ಮೂರನೇ ದಿನದಿಂದ ಪಾಠ ಮುದಕಮ್ಮ ಮಾಡಿದ್ಲು, ಹೇಮಾ ಬರಕೊಂಡ್ಲು. ತನ್ನ ಅಕ್ಕನ ಕೂಸಿಗೆ ಹೊಟ್ಟಿ ಉಬ್ಬರ ಅಂತ ಫೋನ್ ಹಚ್ಚಿ ಔಷಧನೂ ಕೇಳಿದ್ಲು. ಆದ್ರ ಗೊಂಬಿ ಮ್ಯಾಲ ಮಾಡಿ ತೋರಸೋ ಪಾಳಿ ಬಂದಾಗೆಲ್ಲಾ ಮುದಕಮ್ಮಗ ಏನರ ಒಂದು ನೆಪ. ಬಾಯಾರಿಕಿ, ಮೊಣಕಾಲು, ವಿರುಪಣ್ಣನ ಫೋನು. ನಮಗ್ಯಾರಿಗೂ ಸಂಶಯ ಬರಲಿಲ್ಲ.

ಪರೀಕ್ಷಾ ದಿನ ನಾನೂ ಹೋಗಿದ್ದೆ. ಮೊದಲ ಬಾಯಿ ಪ್ರಶ್ನಿ. ನೀರಿನ ಉಷ್ಣತೆ ಎಷ್ಟಿರಬೇಕು? "ಮೊಣಕೈ ಒಪ್ಪುವಷ್ಟು." ತಪ್ಪು, ಮೂವತ್ತೇಳು ಡಿಗ್ರಿ. ಕೂಸು ಅತ್ರ ಏನು ಮಾಡಬೇಕು? "ಯಾವ ಅಳು ಅಂತ ಕೇಳಬೇಕು." ತಪ್ಪು, ವೈದ್ಯರಿಗೆ ತಿಳಸಬೇಕು. ಇದ್ರಾಗ ಹ್ಯಾಂಗೋ ಪಾಸಾಗೋ ಅಷ್ಟು ಬಂತು. ಇನ್ನ ಗೊಂಬಿಗೆ ನೀರು ಹಾಕಿ ತೋರಸೋದು ಬಾಕಿ. ಪರೀಕ್ಷಕರು ದೂರ ಎಲ್ಲೋ ಕುಂತು ಕ್ಯಾಮರಾದಾಗ ನೋಡ್ತಾರ. ಹೇಮಾ ಬೋಗುಣಿಯಾಗ ನೀರು ಇಟ್ಟು, ಗೊಂಬಿ ತಂದು ಮುದಕಮ್ಮನ ಕಾಲ ಮ್ಯಾಲ ಇಡಾಕ ಹೋದ್ಲು. ಮುದಕಮ್ಮ ಕಾಲು ಮಡಚಿಕೊಂಡ್ಲು.

"ಇದಕ್ಕ ನೀರು ಹಾಕಂಗಿಲ್ಲ ನಾ" ಅಂದ್ಲು.

"ಯಾಕಜ್ಜಿ?"

"ಇದಕ್ಕ ಉಸುರಿಲ್ಲ."

"ಪ್ಲಾಸ್ಟಿಕ್ಕಜ್ಜಿ ಇದು!"

"ಪ್ಲಾಸ್ಟಿಕ್ ಅನ್ನೋದು ನಂಗ ಗೊತ್ತೈತವ್ವಾ. ನೀರಿಗೆ ಗೊತ್ತೈತೇನು? ಉಸುರಿಲ್ಲದ ಕೂಸಿಗೆ ನೀರು ಹಾಕೋದು ಮಣ್ಣು ಮಾಡೋಕ ಮುಂಚೆ. ಆ ಕೈ ಬ್ಯಾರೆ, ಎರಿಯೋ ಕೈ ಬ್ಯಾರೆ. ಇವತ್ತು ಇದಕ್ಕ ಹಾಕಿ ನಾಳೆ ಗುಲ್ಶನನ ಕೂಸಿಗೆ ಹೆಂಗ ಮುಟ್ಟಲಿ?"

ಹೇಮಾ ಕೈ ಮುಗದ್ಲು. ನಾ ಬೇಡಿಕೊಂಡೆ. ಎರಡು ನಿಮಿಷದ ಕೆಲಸ್ರಿ ಅದು! ಕ್ಯಾಮರಾದಾಗಿನ ಧ್ವನಿ, "ಅಭ್ಯರ್ಥಿ ಕೌಶಲ ಪ್ರದರ್ಶಿಸಲು ನಿರಾಕರಿಸಿದ್ದಾರೆ" ಅಂತು. ನಪಾಸು. ಹೇಮಾ ಗೊಂಬಿ ಅವಚಿಕೊಂಡು ಅಳಾಕತ್ಲು. ಮುನ್ನೂರು ಕೂಸು ಎರದಾಕಿ ನಪಾಸಾದ್ಲು. ಒಂದೂ ಕೂಸು ಎತ್ತದ ಹುಡುಗಿ ಆಕಿನ್ನ ನಪಾಸು ಮಾಡಿದ ಕಾಗದಕ್ಕ ಸಹಿ ಹಾಕಿದ್ಲು.

ಬಸ್ಸಿನ್ಯಾಗ ನಾ ಸುಮ್ನ ಕೂಡಲಿಲ್ಲ. "ಹಟಮಾರಿ! ನಾಕು ಊರು ತಿರುಗಿಸಿ ನನ್ನ ಅಂಗಡಿ ಮುಚ್ಚಿಸಿದಿ. ಒಂದು ರಬ್ಬರ್ ತುಂಡಿಗೆ ಹೆದರಿದೇನು?" ಅಂತ ಬೈದೆ. ಬೂದಗುಂಪಿ ದಾಟೋ ತನಕ ಬೈದೆ. ಮುದಕಮ್ಮ ಕಿಡಕಿ ಕಡಿ ಮುಖ ಮಾಡಿದ್ಲು. "ಹೋದ ವರ್ಷ ಆ ಕೂಸಿಗೆ ಮೈ ತೊಳಿ ಅಂತ ನನ್ನ ಕೇಳಿದ್ರೋ ಗೋವಿಂದಾ" ಅಂದ್ಲು. ನನ್ನ ಹೆಸರು ಹಿಡದದ್ದು ಅವತ್ತ ಮೊದಲು. "ಗುಲ್ಶನ ಕಣ್ಣೀರು ಹಾಕ್ಕೊಂಡು ನನ್ನ ಕೈ ಹಿಡಕೊಂಡಿದ್ಲು. ಇಲ್ಲ ಅಂದೆ. ಮುಂದಿನ ಕೂಸಿಗೆ ಈ ಕೈ ಬೇಕು ಮಗಳ, ಇದನ್ನ ಎತ್ತಿಡ್ತೀನಿ ಅಂದೆ. ಆಕಿ ಹೊಟ್ಟೀಲೆ ಹುಟ್ಟಿದ ಕೂಸಿಗೆ ಇಲ್ಲ ಅಂದಾಕಿ ಗೊಂಬಿಗೆ ಹ್ಞೂಂ ಅನ್ಲೇನು?"

ನನ್ನ ನಾಲಿಗಿಗೆ ಬೆಂಕಿ ಬೀಳಲಿ ಅನಿಸಿತು.

ದಿನ ತುಂಬಿತು. ಮಸ್ಕತ್ತಿನ ದವಾಖಾನಿಯಾಗ ಗುಲ್ಶನ ಹಡದ್ಲು, ಹೆಣ್ಣು ಕೂಸು, ಆಫ್ರೀನ ಅಂತ ಹೆಸರಿಟ್ರು. ಆಪರೇಶನ್ ಆಗಿತ್ತು, ಕೆಳಗ ಕುಂದ್ರಾಕ ಬರಂಗಿಲ್ಲ. ಹೊಕ್ಕಳ ಬಳ್ಳಿ ಉದುರಿತು. ದವಾಖಾನಿಯವರು ಒದ್ದಿ ಅರಿವಿಯಿಂದ ಒರಸ್ರಿ ಸಾಕು ಅಂದಾರಂತ. ಗುಲ್ಶನ ಒರಸಾಕೂ ಅಂಜಿ ಕೂಸನ್ನ ನೋಡ್ಕೋತ ಕುಂತಾಳಂತ. ಕೂಸು ಒಂದ ಸಮನ ಅಳತೈತಿ.

ಮುದಕಮ್ಮ ಒಂಬತ್ತರ ಬಸ್ಸಿಗೆ ಬಂದ್ಲು. "ಆ ಚಪ್ಪಟಿ ತಲಿ ಸಾಹೇಬ ಮೊದಲನೇ ದಾರಿ ಏನಂದಿದ್ದ? ತಂತಿ ಮ್ಯಾಲ ಅಲ್ಲ? ನಿನ್ನ ಟೀವಿ ಹಚ್ಚು."

ಬೇವೂರಾಗ ಫೋನ್ ಸಿಗ್ನಲ್ ಹೋಗಿ ಬಂದು ಮಾಡ್ತೈತಿ. ನನ್ನ ಅಂಗಡಿ ಕಂಪ್ಯೂಟರಿಗೆ ಕ್ಯಾಮರಾ ಐತಿ, ದೊಡ್ಡ ಪರದಿ ಐತಿ. ನಮ್ಮ ಹತ್ತೂವರಿಗೆ ಮಸ್ಕತ್ತಿನ್ಯಾಗ ಒಂಬತ್ತು. ಪರದಿ ಮ್ಯಾಲ ಮುನವ್ವರ ಕಂಡ. ಬಚ್ಚಲದಾಗ ಲುಂಗಿ ಎತ್ತಿ ಕಟ್ಟಿ, ಕಾಲು ಚಾಚಿ ಕುಂತಾನ. ಗುಲ್ಶನ ಸ್ಟೂಲ್ ಮ್ಯಾಲ ಕುಂತು ಫೋನ್ ಹಿಡದಾಳ.

"ಕಾಲು ಕೂಡಸು! ಇನ್ನಾ ಕೂಡಸು! ಹ್ಞಾಂ. ಕೂಸಿನ ಕುತ್ತಿಗಿ ಕೆಳಗ ಕೈ ಹಾಕು. ಏ, ಅದು ಎಸಿ ಅಲ್ಲೋ, ಸ್ಕ್ರೂ ತಿರುವಬ್ಯಾಡ! ಹಗೂರಕ. ಬೆನ್ನು ಮ್ಯಾಲಿಂದ ಕೆಳಗ ನೀವು. ಗುಲ್ಶನಾ, ನೀರಿನ್ಯಾಗ ಮೊಣಕೈ ಅದ್ದು. ಒಪ್ಪಿತೇನು?"

"ಒಪ್ಪಿತು ಮುದಕಕ್ಕಾ."

"ಹಂಗಾರ ಹಾಕು. ತಡಿ, ನಾ ಹೇಳ್ತೀನಿ ಮೊದಲ. ಕಣ್ ಮುಚ್ಚವ್ವಾ, ನೀರ ಬಂತು!"

ಚರಿಗಿ ಬಗ್ಗಿತು. ಕೂಸು ಕಿಟಾರ್ ಅಂತ ಕಿರಚಿತು. ಮುದಕಮ್ಮನ ಕಾಲು ನನ್ನ ಕುರ್ಚಿ ಮ್ಯಾಲ ತಾವ ಮುಂದಕ್ಕ ಚಾಚಿದ್ವು, ಕೈ ಗಾಳಿಯಾಗ ನೀವಾಕತ್ತಿದ್ವು. ಆದಾಯ ಪ್ರಮಾಣಪತ್ರಕ್ಕ ಬಂದ ಮಂದಿ ಬಾಗಿಲದಾಗ ಗುಂಪು ಕೂಡಿದ್ರು. "ಕಿವಿಯಾಗ ನೀರು ಹೋದೀತು!" ಅಂತ ಒಬ್ಬಾಂವ ಒದರಿದ. "ನಿನ್ನ ಕಿವಿಗೆ ಹೋಗಿರಲಿಲ್ಲ, ಸುಮ್ನಿರು, ನಾನ ಎರದೀನಿ" ಅಂದ್ಲು ಮುದಕಮ್ಮ, ತಿರುಗಿ ನೋಡದ.

ನಲವತ್ತು ದಿನ ನಡೀತಿದು, ಮುನವ್ವರ ಕೆಲಸಕ್ಕ ತಡಾಗಿ ಹೋಗ್ತಿದ್ದ. ನನ್ನ ಅಂಗಡಿಯಾಗ ಹತ್ತೂವರಿಯಿಂದ ಹನ್ನೊಂದರ ತನಕ ಸರಕಾರದ ಯಾವ ಅರ್ಜಿನೂ ತುಂಬಲಿಲ್ಲ. ನಾಕನೇ ವಾರಕ್ಕ ಮುನವ್ವರನ ಕೈ ಹದಕ್ಕ ಬಂತು. ಗುಲ್ಶನ ತಾನೂ ಎಣ್ಣಿ ಹಚ್ಚಾಕತ್ಲು, ಕೂಸಿನ ತಲಿ ಒತ್ತಾಕತ್ಲು, ನಗಾಕತ್ಲು. ನಲವತ್ತನೇ ದಿನ ತಾಜಬೀ ಬಸ್ಸಿನ ಕಂಡಕ್ಟರನ ಕೈಯಾಗ ಉಡಿ ಸಾಮಾನು ಕಳಿಸಿದ್ಲು: ಹಸರ ಇಳಕಲ್ ಸೀರಿ, ಕಣ, ಟೆಂಗು, ಅಳದು ಐದು ಸೇರು ಜ್ವಾಳ. ಮುದಕಮ್ಮ ಗಂಟು ಬಿಚ್ಚಲಿಲ್ಲ.

"ವಾಪಸ್ ಕಳಿಸು. ಎರದಾಂವ ಮುನವ್ವರ. ನಾ ಒದರೀನಿ ಅಷ್ಟ. ಕೂಸಿಗೆ ಕೈ ಮುಟ್ಟಿಲ್ಲ. ಮುಟ್ಟದ ಕೂಸಿನ ಉಡಿ ಒಯ್ಯಂಗಿಲ್ಲ."

ಎಷ್ಟು ಹೇಳಿದ್ರೂ ಕೇಳಲಿಲ್ಲ. ಆದ್ರ ಪ್ರತಿ ಶುಕ್ರವಾರ, ಮುನವ್ವರನ ರಜಾ ದಿನ, ಬಂದು ಪರದಿ ಮುಂದ ಕುಂತು ಒದರಿ ಎರಿಸೋದು ಮಾತ್ರ ಬಿಡಲಿಲ್ಲ. ಮನಿಗೆ ಹೋಗೂ ಮುಂದ ತನ್ನ ಅಂಗೈ ನೋಡ್ಕೋತ ಮೆಟ್ಟಲ ಇಳೀತಿದ್ಲು.

ಈ ಸುದ್ದಿ ಯಾರೋ ಕೊಪ್ಪಳಕ್ಕ ಮುಟ್ಟಿಸಿದ್ರು. ಬಂತು ನೋಡ್ರಿ ಜೀಪು. ಆ ಸಾಹೇಬ್ರಲ್ಲ, ಅವ್ರಿಗೆ ವರ್ಗ ಆಗಿತ್ತಂತ. ಇವ್ರು ಬ್ಯಾರೆ ಮೂರು ಮಂದಿ. ನನ್ನ ಅಂಗಡಿ ಮುಂದ ಬ್ಯಾನರ್ ಕಟ್ಟಿದ್ರು: 'ಜಿಲ್ಲೆಯ ಪ್ರಥಮ ಮಹಿಳಾ ಸೇವಾ ರಫ್ತುದಾರರಿಗೆ ಸನ್ಮಾನ.' ಶಾಲು ಹೊಚ್ಚಿದ್ರು, ಚೌಕಟ್ಟು ಹಾಕಿದ ಪ್ರಮಾಣಪತ್ರ ಕೊಟ್ರು. ಗಂಗಾವತಿಯಾಗ ನಪಾಸು ಮಾಡಿದ್ದೂ ಇದ ಇಲಾಖೆನ. ಆ ಕಾಗದದ ಮ್ಯಾಲೂ ಇದ ಮುದ್ರಿ ಇತ್ತು, ನನ್ನ ಹತ್ರ ಝೆರಾಕ್ಸ್ ಐತಿ. ಫೋಟೋ ಆದ ಮ್ಯಾಲ ಒಬ್ರು ಫಾರಂ ತಗದು ಕೇಳಿದ್ರು, "ವಿದೇಶದಿಂದ ಪ್ರತಿಫಲ ಎಷ್ಟು ಬಂತಮ್ಮ?"

"ಏನೂ ಇಲ್ಲ. ಬಂದದ್ದು ವಾಪಸ್ ಕಳಿಸೀನಿ."

ಅವ್ರು ಒಬ್ರ ಮುಖ ಒಬ್ರು ನೋಡಿದ್ರು. ಪ್ರತಿಫಲ ಇಲ್ಲಂದ್ರ ರಫ್ತು ಆಗಿಲ್ಲ. ಮೊದಲ ಪ್ರತಿಫಲ ಐತಿ ಅಂತ ಹೋಗಾಕ ಬಿಡಲಿಲ್ಲ, ಈಗ ಇಲ್ಲ ಅಂತ ಹೋಗೇ ಇಲ್ಲ ಅಂತಾರ. ಶಾಲು ವಾಪಸ್ ಕೇಳಾಕ ನಾಚಿಕಿ ಬಂದಿರಬೇಕು, ಬ್ಯಾನರ್ ಅಷ್ಟ ಬಿಚ್ಚಿಕೊಂಡು ಹೋದ್ರು. ಚೌಕಟ್ಟು ಈಗ ಮುದಕಮ್ಮನ ಮನ್ಯಾಗ ಹಂಡೆ ಮ್ಯಾಲ ಮುಚ್ಚಳ ಆಗೈತಿ, ಅಳತಿ ಛಲೋ ಕೂಡತೈತಿ ಅಂತಾಳ.

ಆಫ್ರೀನಗ ಐದು ತಿಂಗಳು ತುಂಬಿದ ಮ್ಯಾಲ ಗುಲ್ಶನ ಊರಿಗೆ ಬಂದ್ಲು. ಹೈದರಾಬಾದಿನ್ಯಾಗ ವಿಮಾನ ಇಳದು, ರೈಲು ಹತ್ತಿ, ಕೊಪ್ಪಳದಿಂದ ನನ್ನ ಗೆಳೆಯನ ಜೀಪಿನ್ಯಾಗ ಬೇವೂರಿಗೆ ಮುಟ್ಟಿದ್ಲು. ಸಾಮಾನು ಇಳಸಾಕ ನಾನೂ ಹೋಗಿದ್ದೆ. ತಾಜಬೀ ಕೋಲು ಊರಿಕೊಂಡು ಬಾಗಿಲಕ್ಕ ಬಂದು ಕೈ ಚಾಚಿದ್ಲು. ಕೂಸು ಆಕಿ ಮುಖ ನೋಡಿ ಊರು ಹಾರಿ ಹೋಗೋ ಹಂಗ ಅಳ್ತು. ಮಾವಂದಿರು ಎತ್ತಿದ್ರ ಅಳು, ಓಣಿ ಹೆಂಗಸರು ಎತ್ತಿದ್ರ ಅಳು. ನಾ ಎತ್ತಿದೆ, ನನ್ನ ತಲಿ ನೋಡಿ ಇನ್ನಾ ಜೋರು ಅಳ್ತು. ಓಣಿ ಮಂದಿ ಎಲ್ಲಾ ಬಂದಿದ್ರು, ಮುದಕಮ್ಮ ಒಬ್ಬಾಕಿ ಬಂದಿರಲಿಲ್ಲ.

"ಯಾಕ ಬರಲಿಲ್ಲ?" ಅಂದ್ಲು ಗುಲ್ಶನ.

"ತನ್ನದೇನೂ ಹಕ್ಕಿಲ್ಲ ಅಂತಾಳವ್ವಾ. ಕೂಸು ಎರಿಯೋ ವಯಸ್ಸು ದಾಟೈತಿ, ಹೋಗಿ ಏನ್ ಮಾಡ್ಲಿ ಅಂತಾಳ" ಅಂದ ವಿರುಪಣ್ಣ, ಆಡು ಹೊಡ್ಕೊಂಡು ಹೋಗ್ತಾ.

ಗುಲ್ಶನ ಅಳೋ ಕೂಸನ್ನ ಬಗಲಾಗ ಇಟ್ಕೊಂಡು ಮಗ್ಗಲ ಮನಿಗೆ ನಡದ್ಲು. ನಾವೆಲ್ಲಾ ಹಿಂದ. ಊರಿಗೆ ಬಂದಾಕಿ ನೀರಿಗೆ ಬಾರದ ಇರ್ತಾಳೇನು?

ಮುದಕಮ್ಮ ಹಿತ್ತಲದಾಗ ಇದ್ಲು. ಹಕ್ಕಿಲ್ಲ ಅಂದಾಕಿ ಹಂಡೆ ತುಂಬ ನೀರು ಕಾಸಿದ್ಲು! ಹೊಗಿ ಆಡಾಕತ್ತಿತ್ತು, ಮಣಿ ಹಾಕಿತ್ತು. ನಮ್ಮನ್ನ ನೋಡಿ ಗಡಬಡಿಸಿ, "ಅರಿವಿ ಒಗಿಯಾಕ ಇಟ್ಟಿದ್ದೆ" ಅಂದ್ಲು. ಗುಲ್ಶನ ಕೂಸಿನ ಅಂಗಿ ಬಿಚ್ಚಿ ಆಕಿ ಮುಂದ ಹಿಡದ್ಲು. ಮುದಕಮ್ಮ ಕುಂತ್ಲು, ಕಾಲು ಚಾಚಿದ್ಲು. ಐದು ತಿಂಗಳ ಕೂಸು ತೆಗ್ಗಿನ್ಯಾಗ ಹಿಡೀಲಿಲ್ಲ, ಪಾದ ಆಚೆ ಹೊರಗ ಬಂದ್ವು. ಕೂಸು ಹೊಸ ಮುಖ ನೋಡಿ ಒದ್ಯಾಡಿ ಅಳಾಕತ್ತಿತ್ತು. ಮುದಕಮ್ಮ ಅಂಗೈಯಾಗ ಎಣ್ಣಿ ಸುರಕೊಂಡು ಬೆನ್ನು ನೀವಿದ್ಲು.

ಮೊಣಕೈ ಅದ್ದಿ ನೋಡಿ ಚರಿಗಿ ತುಂಬಿದ್ಲು. ರೂಢಿ ಪ್ರಕಾರ ಬಾಯಿಗೆ ಮಾತು ಬಂತು. "ಕಣ್ ಮುಚ್ಚವ್ವಾ, ನೀರ ಬಂತು."

ಕೂಸು ಅಳು ನಿಲ್ಲಿಸ್ತು. ನೀರು ಇನ್ನಾ ಚರಿಗಿಯಾಗ ಐತ್ರಿ, ಒಂದು ಹನಿ ಬಿದ್ದಿಲ್ಲ. ಎರಡೂ ಕಣ್ಣು ಗಟ್ಟಿ ಮುಚ್ಚಿಕೊಂಡು, ಮುಖ ಎತ್ತಿ, ನೀರು ಬರೋದನ್ನ ಕಾಯಾಕತ್ತಿತು.

ಮುದಕಮ್ಮನ ಚರಿಗಿ ಗಾಳಿಯಾಗ ನಿಂತು ಹೋತು. ಗುಲ್ಶನ ಬಾಯಿಗೆ ಓಢಣಿ ಒತ್ತಿಕೊಂಡ್ಲು. ನನ್ನ ಕಣ್ಣಾಗೂ ನೀರು ಬಂತು, ಒಲಿ ಹೊಗಿ ಅಂತ ಹೇಳಿದೆ, ಯಾರೂ ನಂಬಲಿಲ್ಲ.

"ಹಾಕು ಮುದಕಕ್ಕಾ, ಕಾಯಾಕತ್ತಾಳ" ಅಂದ್ಲು ಗುಲ್ಶನ.

ಮುದಕಮ್ಮ ಹಾಕಿದ್ಲು. ಎರದ್ಲು, ಒರಸಿದ್ಲು, ಲೋಬಾನ ಹಿಡದ್ಲು, ಗಲ್ಲಕ್ಕ ಬೊಟ್ಟಿಟ್ಲು. ಕೂಸು ಆಕಿ ಹೆಗಲ ಮ್ಯಾಲ ನಿದ್ದಿ ಹೋತು. ಅಷ್ಟರಾಗ ತಾಜಬೀ ಕೋಲು ಊರಿಕೋತ, ವಾಪಸ್ ಬಂದಿದ್ದ ಆ ಗಂಟನ್ನ ನನ್ನ ತಲಿ ಮ್ಯಾಲ ಹೊರಿಸಿಕೊಂಡು ಹಿತ್ತಲಕ್ಕ ಬಂದ್ಲು. ಮುದಕಮ್ಮ ಏನಂತಾಳೋ ಅಂತ ನಾವು ಅಂಜಿಕೋತ ನಿಂತ್ವಿ.

ಮುದಕಮ್ಮ ಕೂಸನ್ನ ಗುಲ್ಶನನ ಕೈಗೆ ಕೊಟ್ಟು, ಎದ್ದು ನಿಂತು, ಎರಡೂ ಕೈಲೆ ಸೆರಗು ಒಡ್ಡಿದ್ಲು.